ಎರವಲು ಕೋಟು

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ ಹಿರಿಯರು. ಪದವಿಯ ಕೊನೆಯ ವರ್ಷಕ್ಕೆ ಬಂದಿರುವ ನಮಗೆ ಈ ಗಾದೆಯ ಉತ್ತರಾರ್ಧವೇ ದೊಡ್ಡ ತಲೆನೋವು. ಕೋಟು, ಟೈ ಇಲ್ಲದೆ ಸಂದರ್ಶನಕ್ಕೆ ಹೋದವನು ಬಾಗಿಲಲ್ಲೇ ಸೋತಂತೆ ಎಂದು ಮಿತ್ರರು ಹೆದರಿಸುತ್ತಾರೆ.

ಕಳೆದ ತಿಂಗಳು ಹೆಬ್ಬಾಳದ ಬಳಿಯ ಒಂದು ಕಛೇರಿಗೆ ನಾನೂ ಎರವಲು ಕೋಟು ತೊಟ್ಟು ಹೋದೆ. ಕೇಳಿದ ಪ್ರಶ್ನೆಗಿಂತ, ಬೆರಳು ಮುಚ್ಚುತ್ತಿದ್ದ ಅದರ ತೋಳನ್ನು ಮೇಲೆಳೆಯುವ ಕಡೆಗೇ ನನ್ನ ಗಮನವೆಲ್ಲ. ಕೆಲಸ ಸಿಗಲಿಲ್ಲ, ಅದಕ್ಕೆ ಕೋಟೊಂದನ್ನೇ ದೂರಲಾರೆ. ಆದರೆ ಮುಂದಿನ ಸಲ ಒಗೆದು ಇಸ್ತ್ರಿ ಮಾಡಿದ ನನ್ನ ಬಿಳಿ ಅಂಗಿಯನ್ನೇ ತೊಡುವೆನೆಂದು ನಿಶ್ಚಯಿಸಿದ್ದೇನೆ. ಶುಚಿಯಾಗಿ ಹೋಗುವುದು ಎದುರಿನವರಿಗೆ ತೋರುವ ಮರ್ಯಾದೆ. ಅದರಲ್ಲಿ ನನಗೆ ತಕರಾರಿಲ್ಲ.

ತಕರಾರಿರುವುದು ಬಟ್ಟೆಯಿಂದ ಮನುಷ್ಯನನ್ನು ಅಳೆಯುವವರ ಮೇಲೆ. 2024ರ ಫೆಬ್ರವರಿಯಲ್ಲಿ, ಯಶವಂತಪುರದಾಚೆ ಮೂರನೆಯದಾದ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ, ಬಟ್ಟೆ ಕೊಳೆಯಾಗಿದೆಯೆಂದು ರೈತರೊಬ್ಬರನ್ನು ತಡೆದರು. ರೈಲು ಹತ್ತುವುದೇನು ಸಂದರ್ಶನವೇ? ಸಹಪ್ರಯಾಣಿಕರು ಜಗಳವಾಡಿ ಅವರನ್ನು ಒಳಗೆ ಕರೆದೊಯ್ದರು. ಭದ್ರತಾ ಮೇಲ್ವಿಚಾರಕನನ್ನು ನಿಗಮ ಕೆಲಸದಿಂದ ತೆಗೆಯಿತು. ಅದೇ ವರ್ಷದ ಜುಲೈಯಲ್ಲಿ, ಮಾಗಡಿ ರಸ್ತೆಯ ಮಾಲೊಂದಕ್ಕೆ ಮಗನ ಜೊತೆ ಸಿನಿಮಾ ನೋಡಬಂದ ರೈತರಿಗೆ ಪಂಚೆ ಉಟ್ಟಿದ್ದಾರೆಂದು ಪ್ರವೇಶವಿಲ್ಲವೆಂದರು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಅವರ ಪಂಚೆ ಬೆಳ್ಳಗೇ ಇತ್ತು. ಹಾಗಾದರೆ ಕೊಳೆಯ ಮಾತು ಬರೀ ನೆಪ.

ನಮ್ಮ ತಂದೆಯವರೂ ಪಂಚೆಯವರೇ. ನಮ್ಮ ಮನೆಯಲ್ಲಿ ಪದವಿಯ ತನಕ ಓದಿದವನು ನಾನೇ ಮೊದಲು. ಘಟಿಕೋತ್ಸವಕ್ಕೆ ಬರಲು ಪ್ಯಾಂಟು ಹೊಲಿಸಬೇಕೇನೋ ಎಂದು ಮೊನ್ನೆ ಕೇಳಿದರು.

ಬೇಡಪ್ಪಾ, ಎಂದೆ.