ಫಾರಿನ್ ಕೀ ಬೇಡ ಅನ್ನೋರಿಗೆ ಶಹಾಬಾದ ಕಡೆಯಿಂದ ಒಂದು ಮಾತು

"ಡೇಟಾಬೇಸ್‌ನಲ್ಲಿ ಫಾರಿನ್ ಕೀ ಎಲ್ಲಾ ಬೇಡ ಗುರು, ಟೇಬಲ್‌ಗಳ ಸಂಬಂಧಾನ ಕೋಡ್‌ನಲ್ಲೇ ನೋಡ್ಕೊಳ್ಳೋಣ."

ಹೊಸ ಪ್ರಾಜೆಕ್ಟ್ ಶುರುವಾದಾಗೆಲ್ಲ ಯಾರಾದರೊಬ್ಬರು ಈ ಮಾತು ಹೇಳೇ ಹೇಳ್ತಾರೆ. ಫಾರಿನ್ ಕೀ ಹಾಕೋದು ಕಾಲೇಜು ಹುಡುಗರ ಕೆಲಸ, ಅನುಭವಸ್ಥರು ಹಾಗೆಲ್ಲ ಮಾಡಲ್ಲ ಅನ್ನೋ ಧಾಟಿ ಬೇರೆ. ನನಗಿದು ಸುತಾರಾಂ ಒಪ್ಪಿಗೆಯಿಲ್ಲ. ಯಾಕೆ ಅಂತ ನಮ್ಮ ಕಲಬುರಗಿ ಜಿಲ್ಲೆಯನ್ನೇ ಇಟ್ಕೊಂಡು ಹೇಳ್ತೀನಿ.

ಕೋಡ್ ಬರೆಯದ ಗೆಳೆಯರಿಗೆ ಮೊದಲು ಎರಡು ಸಾಲು. ಒಂದು ಟೇಬಲ್‌ನಲ್ಲಿ ತಾಲೂಕುಗಳು, ಇನ್ನೊಂದರಲ್ಲಿ ಊರುಗಳು, ಮೂರನೆಯದರಲ್ಲಿ ಆ ಊರಿನ ಜನ ಇದ್ದಾರೆ ಅಂದ್ಕೊಳ್ಳಿ. ಊರಿನ ಸಾಲಿನಲ್ಲಿ ತಾಲೂಕಿನ ನಂಬರು, ಜನರ ಸಾಲಿನಲ್ಲಿ ಊರಿನ ನಂಬರು ಇರುತ್ತೆ. ಫಾರಿನ್ ಕೀ ಅಂದ್ರೆ ಇಷ್ಟೇ: ಇಲ್ಲದ ಊರಿನ ನಂಬರನ್ನು ಬರೆಯೋಕೆ ಡೇಟಾಬೇಸ್ ಬಿಡಲ್ಲ, ಜನ ಇರೋ ಊರನ್ನ ಅಳಿಸೋಕೂ ಬಿಡಲ್ಲ.

ಊರು, ತಾಲೂಕು ಎಲ್ಲಿಗೆ ಹೋಗ್ತವೆ, ಅದೆಲ್ಲ ಬದಲಾಗಲ್ಲ ಅಂತೀರಾ? ಕೇಳಿ. 2009ರ ಕೊನೆಗೆ ಗುಲಬರ್ಗಾ ಒಡೆದು ಯಾದಗಿರಿ ಬೇರೆ ಜಿಲ್ಲೆಯಾಯ್ತು. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಹೋಗಿ ಕಲಬುರಗಿ ಬಂತು. 2017ರ ಬಜೆಟ್‌ನಲ್ಲಿ ಹೊಸ ತಾಲೂಕುಗಳ ಪಟ್ಟಿ ಬಂದು, 2018ರಲ್ಲಿ ಶಹಾಬಾದ, ಕಾಳಗಿ ಎರಡೂ ತಾಲೂಕಾದವು. ಶಹಾಬಾದ ಅಲ್ಲಿಯವರೆಗೆ ಚಿತ್ತಾಪುರ ತಾಲೂಕಿನಲ್ಲಿತ್ತು. ಪಕ್ಕದ ವಾಡಿ ಮಾತ್ರ ಚಿತ್ತಾಪುರದಲ್ಲೇ ಉಳೀತು. ಚಿಂಚೋಳಿ ಹಳೆಯ ತಾಲೂಕು, ಅದೂ ಅಷ್ಟಿಷ್ಟು ಹಳ್ಳಿ ಕಳ್ಕೊಂಡಿತು. ಹತ್ತು ವರ್ಷದೊಳಗೆ ಇಷ್ಟು!

ವಿದ್ಯಾರ್ಥಿವೇತನ ಹಂಚೋ ಒಂದು ಸಂಸ್ಥೆಯ ಡೇಟಾಬೇಸ್ ನೋಡೋಕೆ ನನ್ನನ್ನ ಕರೆದಿದ್ರು (ಹೆಸರು ಬೇಡ ಬಿಡಿ). ಅಲ್ಲಿ ಒಂದೂ ಫಾರಿನ್ ಕೀ ಇರಲಿಲ್ಲ. ಹೊಸ ತಾಲೂಕು ಬಂದಾಗ ಅದನ್ನ ನೋಡ್ಕೊಳ್ತಿದ್ದವರು ಚಿತ್ತಾಪುರದ ಕೆಳಗಿದ್ದ ಆ ಹಳ್ಳಿಗಳನ್ನ ಅಳಿಸಿ, ಶಹಾಬಾದದ ಕೆಳಗೆ ಹೊಸದಾಗಿ ಸೇರಿಸಿದ್ರು. ಹಳ್ಳಿಗಳಿಗೆ ಹೊಸ ನಂಬರು ಬಂತು, ವಿದ್ಯಾರ್ಥಿಗಳ ಹತ್ರ ಹಳೆಯ ನಂಬರೇ ಉಳೀತು. ಹಣ ಕಳಿಸೋ ಪಟ್ಟಿ ತಯಾರಾಗೋದು ಮೂರೂ ಟೇಬಲ್ ಜೋಡಿಸಿ. ಜೋಡಿಯಾಗದ ಹೆಸರುಗಳು ಪಟ್ಟಿಗೇ ಬರಲಿಲ್ಲ. ಎರರ್ ಇಲ್ಲ, ಲಾಗ್‌ನಲ್ಲಿ ಒಂದು ಗೆರೆ ಇಲ್ಲ. ಮಕ್ಕಳು ತಿಂಗಳುಗಟ್ಟಲೆ ಕಾದು, ಕೊನೆಗೆ ಅವರೇ ಫೋನ್ ಮಾಡಿ "ಸರ್, ನಮ್ಮ ರೊಕ್ಕ ಯಾಕ ಬಂದಿಲ್ರೀ?" ಅಂತ ಕೇಳಿದಾಗಲೇ ಗೊತ್ತಾಗಿದ್ದು.

ಕೋಡ್‌ನಲ್ಲಿ ಚೆಕ್ ಇರಲಿಲ್ವಾ? ಇತ್ತು ಸ್ವಾಮಿ! ಸ್ಕ್ರೀನ್‌ನಲ್ಲಿ "ಊರು ಅಳಿಸು" ಒತ್ತಿದ್ರೆ, ವಿದ್ಯಾರ್ಥಿಗಳಿದ್ದಾರೆ, ಆಗಲ್ಲ ಅಂತಿತ್ತು. ಆದರೆ ಅಷ್ಟೂ ಹಳ್ಳಿಗಳನ್ನ ಒಂದೊಂದಾಗಿ ಸ್ಕ್ರೀನ್‌ನಲ್ಲಿ ಯಾರು ಮಾಡ್ತಾರೆ? ರಾತ್ರಿ ಒಂದು ಸ್ಕ್ರಿಪ್ಟ್ ಓಡಿಸಿದ್ರು. ಕೋಡ್ ಕಾಯ್ತಿದ್ದದ್ದು ಮುಂಬಾಗಿಲು, ಬದಲಾವಣೆ ಬಂದದ್ದು ಹಿತ್ತಿಲಿಂದ. ಫಾರಿನ್ ಕೀ ಇದ್ದಿದ್ರೆ ಅಳಿಸೋ ಮೊದಲ ಸಾಲಿಗೇ ಸ್ಕ್ರಿಪ್ಟ್ ನಿಂತು ಹೋಗ್ತಿತ್ತು. ಆ ರಾತ್ರಿ ಒಬ್ಬನ ನಿದ್ದೆ ಕೆಡ್ತಿತ್ತು, ಅಷ್ಟೇ.

ನಾನು ಹೇಳೋದು ಇದನ್ನೇ. ಅಪ್ಲಿಕೇಶನ್ ಒಂದೇ ಅಲ್ಲ. ಇವತ್ತು ವೆಬ್‌ಸೈಟು, ನಾಳೆ ಮೊಬೈಲ್ ಆಪು, ನಾಡಿದ್ದು ಎಕ್ಸೆಲ್ ಫೈಲ್ ಸುರಿಯೋ ಸ್ಕ್ರಿಪ್ಟು. ಐದು ವರ್ಷಕ್ಕೆ ಕೋಡ್ ಬರೆದವರೂ ಬೇರೆ, ಭಾಷೆಯೂ ಬೇರೆ. ಎಲ್ಲರೂ ಹಾದು ಹೋಗೋ ಜಾಗ ಒಂದೇ, ಅದು ಡೇಟಾಬೇಸು. ಬೀಗ ಅಲ್ಲಿರಬೇಕು. ಇನ್ನೊಂದು ವಿಷಯ: "ಊರು ಇದೆಯಾ" ಅಂತ ಕೋಡ್ ನೋಡಿ ಬರೆಯೋ ಆ ಒಂದು ಕ್ಷಣದ ನಡುವೆ ಬೇರೆಯವರು ಅದನ್ನ ಅಳಿಸಬಹುದು. ಫಾರಿನ್ ಕೀ ಇದ್ರೆ ಈ ಸಂದಿ ಇರಲ್ಲ, ಬರೆಯೋ ಕೆಲಸ ಮುಗಿಯೋವರೆಗೆ ಡೇಟಾಬೇಸ್ ಆ ಊರಿನ ಸಾಲನ್ನ ಹಿಡಿದಿಟ್ಟಿರುತ್ತೆ.

ಈ ಅಭ್ಯಾಸ ಎಲ್ಲಿಂದ ಬಂತು? ಹಳೆಯ ಮೈಎಸ್‌ಕ್ಯೂಎಲ್‌ನ ಮೈಐಸ್ಯಾಮ್ ನೀವು ಬರೆದ ಫಾರಿನ್ ಕೀ ಓದಿ, ತಲೆಯಾಡಿಸಿ, ಸುಮ್ಮನೆ ಮರೆತುಬಿಡ್ತಿತ್ತು :) 2010ರಲ್ಲಿ 5.5 ಬಂದು ಇನ್ನೋಡಿಬಿ ಡೀಫಾಲ್ಟ್ ಆಯ್ತು. ರೈಲ್ಸ್ ಕೂಡ 2014ರ 4.2ರಲ್ಲಿ ಫಾರಿನ್ ಕೀಗೆ ಜಾಗ ಕೊಡ್ತು. ಕಾರಣ ಹೋಯ್ತು, ಚಟ ಮಾತ್ರ ಉಳೀತು.

"ನಿಧಾನ ಆಗುತ್ತೆ" ಅನ್ನೋರಿಗೆ: ಪ್ರತಿ ಸಾಲು ಬರೆಯುವಾಗ ಒಂದು ಇಂಡೆಕ್ಸ್ ನೋಡಬೇಕು, ನಿಜ. ನಿಮ್ಮ ಕೋಡ್ ಮಾಡೋ ಚೆಕ್ ಏನು ಪುಕ್ಕಟೆಯಾ? ಅದಕ್ಕೂ ಒಂದು ಕ್ವೆರಿ ಬೇಕು, ಜೊತೆಗೆ ನೆಟ್‌ವರ್ಕ್ ದಾಟಿ ಬರಬೇಕು. ಡೇಟಾ ಹಲವು ಸರ್ವರ್‌ಗಳಿಗೆ ಹಂಚಿಹೋಗಿದ್ರೆ ಫಾರಿನ್ ಕೀ ಆಗಲ್ಲ, ಒಪ್ಪಿದೆ. ಆದರೆ ಒಂದೇ ಸರ್ವರ್‌ನಲ್ಲಿ ಕೆಲವು ಲಕ್ಷ ಸಾಲು ಇಟ್ಕೊಂಡು ಗಿಟ್‌ಹಬ್‌ನ ಉದಾಹರಣೆ ಕೊಡಬೇಡಿ ಮಾರಾಯ್ರೆ.

ಫಾರಿನ್ ಕೀ ಎಲ್ಲ ರೋಗಕ್ಕೂ ಮದ್ದಲ್ಲ ಅನ್ನೋದೂ ಗೊತ್ತು. ವಾಡಿಯನ್ನ ಯಾರಾದ್ರೂ ಶಹಾಬಾದ ತಾಲೂಕಿಗೆ ಹಾಕಿದ್ರೆ ಅದು ಹಿಡಿಯಲ್ಲ, ಯಾಕಂದ್ರೆ ಎರಡೂ ತಾಲೂಕು ಇವೆ. ಅಂಥದ್ದನ್ನ ಕೋಡ್ ನೋಡ್ಕೊಳ್ಳಲಿ, ಮನುಷ್ಯರು ನೋಡ್ಕೊಳ್ಳಲಿ. ಇಲ್ಲದ ಊರಿಗೆ ಮಕ್ಕಳನ್ನ ಕಟ್ಟಿ ಕೂರಿಸೋದನ್ನಾದ್ರೂ ಡೇಟಾಬೇಸ್ ತಡೀಲಿ.

ನನ್ನ ಮೇಲೆ ಸಿಟ್ಟು ಬಂದಿದ್ರೆ ಒಂದು ಕೆಲಸ ಮಾಡಿ. ಮಗು ಟೇಬಲ್‌ನಲ್ಲಿದ್ದು ತಾಯಿ ಟೇಬಲ್‌ನಲ್ಲಿ ಇಲ್ಲದ ನಂಬರುಗಳು ಎಷ್ಟಿವೆ ಅಂತ ಒಂದು ಲೆಫ್ಟ್ ಜಾಯ್ನ್ ಹಾಕಿ ಎಣಿಸಿ. ಸೊನ್ನೆ ಬಂದ್ರೆ ಇವತ್ತೇ ಫಾರಿನ್ ಕೀ ಸೇರಿಸಿ, ಅಡ್ಡಿಯೇ ಇಲ್ಲ. ಸೊನ್ನೆ ಬರದಿದ್ರೆ ಮೊದಲು ಆ ಸಾಲುಗಳು ಯಾರವು ಅಂತ ಹುಡುಕಿ. ಪೋಸ್ಟ್‌ಗ್ರೆಸ್‌ನಲ್ಲಾದ್ರೆ ಹಳೆಯದನ್ನ ಪರೀಕ್ಷಿಸದೆ, ಹೊಸ ಸಾಲುಗಳಿಗೆ ಈಗಲೇ ಕಟ್ಟು ಹಾಕೋ ದಾರಿಯೂ ಇದೆ. ಹಳೆಯದನ್ನ ಸರಿಮಾಡಿ ಆಮೇಲೆ ಪರೀಕ್ಷಿಸಬಹುದು.

ಎಷ್ಟು ಬಂತು ಅಂತ ಕಾಮೆಂಟ್‌ನಲ್ಲಿ ಬರೀರಿ. ಬೈಯೋರು ಎಣಿಸಿದ ಮೇಲೆ ಬೈಯಿರಿ :)