ಎಮು ಸಾಕಿದರೆ ತಿಂಗಳಿಗೊಮ್ಮೆ ಹಣ ಬರುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ಎಮು ಸಾಕಿ, ತಿಂಗಳಿಗೊಮ್ಮೆ ಖಚಿತ ಆದಾಯ ಪಡೆಯಿರಿ" ಎಂಬಂಥ ಸಂದೇಶ ಕಂಡರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಒಣಬೇಸಾಯದ ರೈತರಿಗೆ ಆಸೆ ಹುಟ್ಟುವುದು ಸಹಜ. ಮೊದಲು ಈ ಹಕ್ಕಿಯ ಬದುಕನ್ನು ತಿಳಿಯೋಣ.

ಎಮು ಆಸ್ಟ್ರೇಲಿಯಾದ ಹಕ್ಕಿ. ಎತ್ತರದಲ್ಲಿ ಉಷ್ಟ್ರಪಕ್ಷಿಯ ನಂತರದ ಸ್ಥಾನ ಇದರದು. ಕೋಳಿಯ ಎದೆಯ ನಡುವೆ ಏಣಿನಂತೆ ಎದ್ದ ಎಲುಬನ್ನು ನಾವು ನೋಡಿದ್ದೇವೆ. ರೆಕ್ಕೆ ಬಡಿಯುವ ಸ್ನಾಯುಗಳಿಗೆ ಅದೇ ಆಧಾರ. ಎಮುವಿಗೆ ಆ ಏಣಿಲ್ಲ, ರೆಕ್ಕೆಯೂ ಗೇಣುದ್ದ. ಹಾಗಾಗಿ ಹಾರಲಾರದು; ಆದರೆ ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಓಡಬಲ್ಲದು. ಹೆಣ್ಣು ಕಡುಹಸಿರು ಮೊಟ್ಟೆ ಇಡುತ್ತದೆ. ಸುಮಾರು 8 ವಾರ ಕಾವು ಕೊಡುವುದು ಗಂಡು, ಅದೂ ಹೆಚ್ಚುಕಡಿಮೆ ಉಪವಾಸವಿದ್ದು.

ಮರಿ ಬೆಳೆದು ಮೊಟ್ಟೆ ಇಡಲು ಒಂದೂವರೆ, ಎರಡು ವರ್ಷ ಬೇಕು. ಆಮೇಲೂ ವರ್ಷಕ್ಕೆ ಒಂದೇ ಹಂಗಾಮು. ಆದರೆ ಅದಕ್ಕೆ ದಿನವೂ ಆಹಾರ ಹಾಕಬೇಕು. ಹೀಗಿರುವಾಗ ಮೊದಲ ತಿಂಗಳಿಂದಲೇ ಹಣ ಎಲ್ಲಿಂದ ಬರಬೇಕು?

ತಮಿಳುನಾಡಿನ ಪೆರುಂದುರೈ ಸುತ್ತ ಠೇವಣಿ ಪಡೆದು, ಮರಿ ಕೊಟ್ಟು, ತಿಂಗಳ ಹಣದ ಭರವಸೆ ನೀಡಿದ ಎಮು ಯೋಜನೆಗಳು 2012ರಲ್ಲಿ ಕುಸಿದವು. ಸಾವಿರಾರು ಜನರ ಹಣ ಸಿಕ್ಕಿಬಿತ್ತು. ದಿಕ್ಕಿಲ್ಲದ ಹಕ್ಕಿಗಳಿಗೆ ಆಹಾರ ಹಾಕುವ ಹೊಣೆ ಸರ್ಕಾರದ ಮೇಲೆ ಬಿತ್ತು.

ಎಮು ಸಾಕಬಹುದು ಎಂಬುದು ನಿಜ. ಖಚಿತ ಆದಾಯ ಎಂಬ ಮಾತನ್ನು ಮಾತ್ರ ನಂಬಬೇಡಿ. ಇಳಕಲ್ ಸೀರೆಗೆ ಕೊಳ್ಳುವವರಿದ್ದಾರೆ. ಎಮುವಿನ ಮಾಂಸ, ಎಣ್ಣೆಯನ್ನು ನಿಮ್ಮೂರ ಸಂತೆಯಲ್ಲಿ ಯಾರು ಕೊಳ್ಳುತ್ತಾರೆ? ಸಂದೇಶ ಕಳಿಸಿದವರನ್ನು ಇದನ್ನೇ ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ.