ನಗರದ ಹಸಿರು ನೆಲಕ್ಕೆ ದಾಖಲೆ ಬೇಕು

ಸುತ್ತಲೂ ಗುಡ್ಡ, ಕಾಡು, ತೋಟಗಳಿರುವ ಮಲೆನಾಡಿನ ನಗರಗಳಿಗೆ ಉದ್ಯಾನಗಳು ಏಕೆ ಬೇಕು ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಊರು ದಾಟಿದರೆ ಮರಗಳೇ ಇರುವಾಗ ಪೇಟೆಯ ನಡುವಿನ ಬೆಲೆಬಾಳುವ ಜಾಗವನ್ನು ಮರಗಿಡಗಳಿಗೆ ಬಿಡುವುದು ದುಂದು ಎಂಬುದು ಈ ಪ್ರಶ್ನೆಯ ಹಿಂದಿರುವ ವಾದ. ಮೇಲ್ನೋಟಕ್ಕೆ ಸರಿಯೆನಿಸುವ ಈ ವಾದವು ನಗರದಲ್ಲಿ ಬದುಕುವ ಬಡವರನ್ನೂ, ದಿನನಿತ್ಯ ನಗರಕ್ಕೆ ಬಂದುಹೋಗುವ ಹಳ್ಳಿಗರನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮಲೆನಾಡಿನ ಹೆಬ್ಬಾಗಿಲೆನಿಸಿದ ಶಿವಮೊಗ್ಗವನ್ನೇ ನೋಡಬಹುದು. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 3,22,650. ಇವರಲ್ಲದೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಮೆಗ್ಗಾನ್ ಆಸ್ಪತ್ರೆಗೆ, ಕೋರ್ಟಿಗೆ, ಜಿಲ್ಲಾಧಿಕಾರಿಗಳ ಕಚೇರಿಗೆ ಬರುವ ರೈತರಿದ್ದಾರೆ. ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಿದ್ದಾರೆ. ಕಚೇರಿಯ ಬಾಗಿಲು ತೆರೆಯುವವರೆಗೆ, ಊರಿನ ಬಸ್ಸು ಹೊರಡುವವರೆಗೆ ಇವರೆಲ್ಲ ಎಲ್ಲಿ ಕೂರಬೇಕು? ಹೋಟೆಲಿನಲ್ಲಿ ಕೂತರೆ ಕಾಫಿಯನ್ನಾದರೂ ಕೊಳ್ಳಬೇಕು. ಅಂಗಡಿಯ ಜಗಲಿಯಲ್ಲಿ ಕೂತರೆ ಎಬ್ಬಿಸುತ್ತಾರೆ. ಗಾಂಧಿ ಪಾರ್ಕಿನಂಥ ಜಾಗದಲ್ಲಿ ಮಾತ್ರ ಬುತ್ತಿ ಬಿಚ್ಚಿ ಉಂಡು, ಮರದ ನೆರಳಿನಲ್ಲಿ ಒಂದಷ್ಟು ಹೊತ್ತು ಮೈಚೆಲ್ಲಬಹುದು. ಒಂದೇ ಕೋಣೆಯ ಮನೆಯಲ್ಲಿ ಬೆಳೆಯುವ ಮಗುವಿಗೆ ಬಡಾವಣೆಯ ಪಾರ್ಕೇ ಅಂಗಳ. ತೋಟ, ಕಾರು, ರಜಾದಿನಗಳಿರುವವರಿಗೆ ದೂರದ ಕಾಡು ಎಟುಕುತ್ತದೆ. ಉಳಿದವರಿಗೆ ಕಾಲ್ನಡಿಗೆಯ ಅಳತೆಯಲ್ಲಿರುವ ಹಸಿರೇ ಹಸಿರು.

ಇದರಾಚೆಗೆ ನೀರಿನ ಲೆಕ್ಕವೊಂದಿದೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಶೃಂಗೇರಿ, ತೀರ್ಥಹಳ್ಳಿ, ಗಾಜನೂರುಗಳನ್ನು ದಾಟಿ ಶಿವಮೊಗ್ಗಕ್ಕೆ ಬರುತ್ತಾಳೆ. ಮಲೆನಾಡಿನ ಮಳೆಯನ್ನೆಲ್ಲ ಹೊತ್ತು ಬರುವ ಹೊಳೆಯ ದಂಡೆಯ ಊರು ತನ್ನ ಮೇಲೆ ಬಿದ್ದ ಮಳೆಯನ್ನಾದರೂ ತಾನೇ ಇಂಗಿಸಿಕೊಳ್ಳಬೇಕು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ನಗರದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು. ಅಷ್ಟು ದೊಡ್ಡ ನೆರೆಯನ್ನು ಪಾರ್ಕುಗಳು ತಡೆಯಲಾರವು, ನಿಜ. ಆದರೆ ತೆರೆದ ಮಣ್ಣು ಕುಡಿಯಬಹುದಾಗಿದ್ದ ನೀರು ಚರಂಡಿಗೆ ಸೇರಿದಷ್ಟೂ ತಗ್ಗಿನ ಮನೆಗಳ ಕಷ್ಟ ಹೆಚ್ಚುತ್ತದೆ. ಅದೇ ನೀರು ಇಂಗದೆ ಹೋದದ್ದರಿಂದ ಬೇಸಿಗೆಯಲ್ಲಿ ಬಾವಿ, ಬೋರ್‌ವೆಲ್‌ಗಳು ಸೊರಗುತ್ತವೆ. ಮಳೆಗಾಲಕ್ಕೂ ಬೇಸಿಗೆಗೂ ಏಕಕಾಲದಲ್ಲಿ ಒದಗುವ ಆಸ್ತಿಯೆಂದರೆ ಮರವಿರುವ ಬರಿಯ ಮಣ್ಣು.

ಈ ಆಸ್ತಿಗೆ ಎರಡು ಬಗೆಯ ಅಪಾಯಗಳಿವೆ. ಮೊದಲನೆಯದು ಜಾಗವೇ ಕೈಜಾರುವುದು. ಹಳ್ಳಿಗಳ ಗೋಮಾಳಗಳು, ಕೆರೆಯಂಗಳಗಳು ಕರಗಿದ ಬಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲು ಬೇಲಿಯೊಂದು ಸರಿಯುತ್ತದೆ, ಬಳಿಕ ತಾತ್ಕಾಲಿಕವೆಂಬ ಹೆಸರಿನಲ್ಲಿ ಶೆಡ್ಡೊಂದು ಏಳುತ್ತದೆ, ಕೊನೆಗೆ ಅದಕ್ಕೊಂದು ಕಾಗದ ಹುಟ್ಟಿಕೊಳ್ಳುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ನೀಡಲಾಗಿತ್ತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆ ಸಲ್ಲದೆಂಬ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಆಸ್ಪತ್ರೆಯೂ ಜನೋಪಯೋಗಿಯಲ್ಲವೇ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಯೋಜನೆಯ ನಕ್ಷೆಯಲ್ಲಿ ಉದ್ಯಾನವೆಂದು ಬರೆದದ್ದು ಇತ್ತಾದ್ದರಿಂದಲೇ ಆ ಜಾಗ ಉಳಿಯಿತೆಂಬುದನ್ನು ಮರೆಯಬಾರದು.

ಎರಡನೆಯ ಅಪಾಯ ಅಭಿವೃದ್ಧಿಯ ವೇಷದಲ್ಲಿ ಬರುತ್ತದೆ. ಅನುದಾನ ಬಂದೊಡನೆ ಉದ್ಯಾನದೊಳಗೆ ಇಂಟರ್‌ಲಾಕ್ ಇಟ್ಟಿಗೆ, ಕಾಂಕ್ರೀಟು ಕಟ್ಟೆ, ಕಾರಂಜಿ, ಸಿಮೆಂಟಿನ ಪ್ರಾಣಿಗಳು ತುಂಬಿಕೊಳ್ಳುತ್ತವೆ. ಕಾಮಗಾರಿಗೆ ಬಿಲ್ಲು ಮಾಡುವುದು ಸುಲಭ; ಮರ ಬೆಳೆಯುವುದಕ್ಕೆ ಬಿಲ್ಲಿಲ್ಲ. ನಡೆಯಲು ಹದವಾದ ದಾರಿ, ಸಂಜೆಗೆ ದೀಪ, ಶುಚಿಯಾದ ಶೌಚಾಲಯ, ಕುಡಿಯುವ ನೀರು ಖಂಡಿತ ಬೇಕು. ದೀಪವಿಲ್ಲದ ಪಾರ್ಕಿಗೆ ಹೆಂಗಸರು, ಮುದುಕರು ಬರಲಾರರು. ಅಷ್ಟಕ್ಕಾಗಿ ಇಡೀ ನೆಲಕ್ಕೆ ಹೊದಿಕೆ ಹಾಕಬೇಕಿಲ್ಲ. ಮರದ ಬುಡದವರೆಗೂ ಕಾಂಕ್ರೀಟು ಸುರಿದರೆ ಬೇರಿಗೆ ನೀರೂ ಗಾಳಿಯೂ ಇಲ್ಲದೆ ಮರ ಒಳಗೊಳಗೇ ಸಾಯುತ್ತದೆ. ಮುಂದಿನ ಗಾಳಿಮಳೆಗೆ ಉರುಳಿದಾಗ ತಪ್ಪು ಮರದ್ದಾಗುತ್ತದೆ. ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರಿನಷ್ಟು ಜಾಗದಿಂದ ಕಾಂಕ್ರೀಟು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿಯೇ ಆದೇಶಿಸಿತ್ತು. ಅದೇ ವಿವೇಕ ಮಲೆನಾಡಿನ ನಗರಗಳಿಗೂ ಬೇಕು.

ಕಾನೂನಿನ ಬೆಂಬಲಕ್ಕೇನೂ ಕೊರತೆಯಿಲ್ಲ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಇಂಥ ಜಾಗಗಳನ್ನು ಸಮೀಕ್ಷೆ ಮಾಡಿ, ಪಟ್ಟಿಯನ್ನೂ ನಕ್ಷೆಯನ್ನೂ ಸಿದ್ಧಪಡಿಸುವ ಹೊಣೆಯನ್ನು ಅದು ಸ್ಥಳೀಯ ಸಂಸ್ಥೆಗಳಿಗೆ ಹೊರಿಸಿದೆ. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆನ್ನುವ ಕಾಯ್ದೆ 1976ರದು. 1992ರ ಸಂವಿಧಾನ ತಿದ್ದುಪಡಿಯು ಉದ್ಯಾನ, ತೋಟ, ಆಟದ ಮೈದಾನಗಳನ್ನು ನಗರಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿತು. 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದೂ ವಿಧಿಸಿತು. ಶಿವಮೊಗ್ಗ ಈ ಎಲ್ಲೆಯನ್ನು 2011ರಲ್ಲಿಯೇ ದಾಟಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಪಾರ್ಕಿನ ಮರ, ಹಕ್ಕಿ, ಚಿಟ್ಟೆಗಳನ್ನೂ ದಾಖಲಾತಿಯಲ್ಲಿ ಬರೆಯಿಸಲು ಅದು ದಾರಿ. ಕಾನೂನು ಪುಸ್ತಕದಲ್ಲಿದೆ; ಅದನ್ನು ನೆಲಕ್ಕಿಳಿಸಬೇಕಾದವರು ಜನ.

ಈ ಕೆಲಸವನ್ನು ವಿದ್ಯಾರ್ಥಿಗಳೇ ಆರಂಭಿಸಬಹುದು. ತಮ್ಮ ವಾರ್ಡಿನ ಪಾರ್ಕು, ಮೈದಾನ, ಕೆರೆಯಂಗಳಗಳನ್ನು ನಡೆದು ನೋಡಿ ಗಡಿ ಗುರುತಿಸುವುದು, ಮರಗಳನ್ನು ಎಣಿಸಿ ಹೆಸರು ಬರೆಯುವುದು, ಅದನ್ನು ಬಡಾವಣೆಯ ನಕ್ಷೆಯೊಡನೆ ಹೋಲಿಸುವುದು, ಇಷ್ಟಕ್ಕೆ ದೊಡ್ಡ ಹಣ ಬೇಕಾಗಿಲ್ಲ. 1985ರ ಕಾಯ್ದೆಯಡಿ ಸಿದ್ಧವಾದ ಪಟ್ಟಿಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ ಪಡೆಯಬಹುದು. ಪಟ್ಟಿ ಸಿಕ್ಕರೆ ಅದು ರಕ್ಷಣೆಯ ಆಧಾರ. ಪಟ್ಟಿಯೇ ಇಲ್ಲವೆಂಬ ಉತ್ತರ ಬಂದರೆ ಅದು ಹೋರಾಟದ ಮೊದಲ ದಾಖಲೆ.

ನೆಡುವ ಮರಗಳ ವಿಷಯದಲ್ಲಿ ಹಳ್ಳಿಗರ ತಿಳಿವಳಿಕೆ ನಗರಕ್ಕೆ ಬೇಕಾಗಿದೆ. ಬೇಸಿಗೆಯಿಡೀ ನೀರು ಬೇಡುವ ಹುಲ್ಲುಹಾಸಿಗಿಂತ ಹೊಂಗೆ, ನೇರಳೆ, ಹಲಸು, ಅತ್ತಿ, ರಂಜ, ಸುರಹೊನ್ನೆಗಳು ಈ ಮಣ್ಣಿಗೂ ಮಳೆಗೂ ಒಗ್ಗಿದವು. ಹಕ್ಕಿಗೆ ಹಣ್ಣು, ಜೇನಿಗೆ ಹೂವು, ದಾರಿಹೋಕನಿಗೆ ನೆರಳು ಕೊಡುವಂಥವು. ಯಾವ ಗಿಡಕ್ಕೆ ಎಷ್ಟು ಅಂತರ ಬೇಕು, ಯಾವುದು ಹೊಳೆದಂಡೆಗೆ ಒಗ್ಗುತ್ತದೆ ಎಂಬುದನ್ನು ಗುತ್ತಿಗೆದಾರನಿಗಿಂತ ಚೆನ್ನಾಗಿ ಬಲ್ಲವರು ಮಲೆನಾಡಿನ ಹಳ್ಳಿಗಳಲ್ಲಿದ್ದಾರೆ.

ಹೊಸ ಜಾಗ ಸಿಗುವುದಿಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ. ಶಿವಮೊಗ್ಗದ ಕಾರಾಗೃಹ ಸೋಗಾನೆಗೆ ಹೋದ ಮೇಲೆ ಊರ ನಡುವಿನ ಹಳೆಯ ಜೈಲಿನ ಆವರಣ ಫ್ರೀಡಂ ಪಾರ್ಕ್ ಎಂಬ ಹೆಸರಿನ ಸಾರ್ವಜನಿಕ ಬಯಲಾಯಿತು; ಈಗ ಅದಕ್ಕೆ ಅಲ್ಲಮಪ್ರಭುವಿನ ಹೆಸರಿದೆ. ಸರ್ಕಾರಿ ಕಚೇರಿಯೊಂದು ಊರಾಚೆಗೆ ಹೋದಾಗಲೆಲ್ಲ ತೆರವಾದ ನೆಲ ಯಾರಿಗೆ ಸೇರಬೇಕೆಂಬ ಪ್ರಶ್ನೆ ಏಳುತ್ತದೆ. ಆ ಹೊತ್ತಿಗೆ ಜನರ ಬೇಡಿಕೆ ಲಿಖಿತವಾಗಿ ಮೇಜಿನ ಮೇಲಿರಬೇಕು. ತಡವಾದರೆ ಅಲ್ಲಿ ವಾಣಿಜ್ಯ ಸಂಕೀರ್ಣದ ನಕ್ಷೆ ಇರುತ್ತದೆ.

ಸಾಗರ, ಶಿರಸಿ, ತೀರ್ಥಹಳ್ಳಿ, ಮಡಿಕೇರಿಗಳು ಬೆಳೆಯುತ್ತಿರುವ ವೇಗದಲ್ಲಿ ಈ ಮಾತು ಶಿವಮೊಗ್ಗಕ್ಕಷ್ಟೇ ಉಳಿಯುವುದಿಲ್ಲ. ದೊಡ್ಡ ನಗರಗಳು ಕಳೆದುಕೊಂಡ ಮೇಲೆ ಹುಡುಕುತ್ತಿರುವುದನ್ನು ಸಣ್ಣ ಊರುಗಳು ಇನ್ನೂ ಪೂರ್ತಿ ಕಳೆದುಕೊಂಡಿಲ್ಲ. ಉಳಿದಿರುವುದನ್ನು ಅಳೆದು, ಬರೆದು, ಗಡಿಕಲ್ಲು ನೆಡುವ ಕೆಲಸ ಈ ಮಳೆಗಾಲಕ್ಕೆ ಮುಂಚೆಯೇ ಮೊದಲಾಗಲಿ.